ಅಮ್ಮನ ಸಕ್ಕರೆ, ಅಮ್ಮನ ಕನ್ನಡ

ಅರಸೀಕೆರೆಯ ಮನೆಯಲ್ಲಿ ಅಮ್ಮ ಒಬ್ಬಳೇ ಇರುತ್ತಾಳೆ. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಯಿತು, ರಾತ್ರಿ ಇನ್ಸುಲಿನ್ ಶುರುವಾಗಿ ಮೂರು ವರ್ಷ. ಕಣ್ಣು ಮಂಜಾಗಿರುವುದರಿಂದ ಇನ್ಸುಲಿನ್ ಪೆನ್ನಿನ ಅಂಕಿಯನ್ನು ಪಕ್ಕದ ಮನೆಯ ಹುಡುಗಿ ನೋಡಿ ಹೇಳುತ್ತಾಳೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಮೊಬೈಲಿನ ಧ್ವನಿ ಸಹಾಯಕವನ್ನು ಸಿದ್ಧಮಾಡಿ, ಏನೇ ಆದರೂ ಇದನ್ನು ಕೇಳು ಎಂದು ಹೇಳಿ ಬಂದಿದ್ದೆ.

ಅಮ್ಮ ನಂಬಿದಳು. ಒಂದು ಬೆಳಗಿನ ಜಾವ ಮೈಯೆಲ್ಲ ಬೆವೆತು, ಕೈ ನಡುಗಿ ಎದ್ದವಳು ಅದಕ್ಕೆ ಹೇಳಿದ್ದಾಳೆ: "ತಲೆ ಸುತ್ತುತ್ತಿದೆ, ಜೀವ ಹೋಗುವ ಹಾಗಿದೆ." ಅದು ಪರದೆಯ ತುಂಬ ಇಂಗ್ಲಿಷ್ ಕೊಂಡಿಗಳನ್ನು ಹರಡಿತು. ಅಡುಗೆಮನೆಗೆ ಗೋಡೆ ಹಿಡಿದು ಹೋಗಿ ಬೆಲ್ಲದ ಡಬ್ಬ ತೆಗೆದದ್ದು ಅವಳ ಸ್ವಂತ ಬುದ್ಧಿ. ನನಗೆ ತಿಳಿಸಿದ್ದು ಎರಡು ದಿನ ಬಿಟ್ಟು.

ಆ ಯಂತ್ರ ಹೇಳಬೇಕಾಗಿದ್ದುದು ನಾಲ್ಕೇ ಮಾತು. ರಕ್ತದಲ್ಲಿನ ಸಕ್ಕರೆ 70ಕ್ಕಿಂತ ಇಳಿದಿರಬಹುದು, ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಯಾರನ್ನಾದರೂ ಕರೆಯಿರಿ. ಇದು ಗುಟ್ಟಿನ ವಿದ್ಯೆಯಲ್ಲ, ಪ್ರತಿ ಮಧುಮೇಹ ವೈದ್ಯರೂ ಹೇಳುವ ಪಾಠ.

ತಂತ್ರಜ್ಞಾನವನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ಅದರ ಮೇಲೆ ನನಗೆ ಆಸೆಯಿದೆ, ಅದಕ್ಕೇ ಹೊಟ್ಟೆ ಉರಿಯುತ್ತಿದೆ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರ ಒಂದು ಪ್ರಯೋಗ ಪ್ರಕಟವಾಯಿತು. 32 ಮಧುಮೇಹಿಗಳಲ್ಲಿ ಅರ್ಧದಷ್ಟು ಜನರಿಗೆ ಮಾತನಾಡುವ ಸ್ಪೀಕರ್ ಕೊಟ್ಟರು. ಅದು ದಿನವೂ ಖಾಲಿ ಹೊಟ್ಟೆಯ ಸಕ್ಕರೆಯನ್ನು ಕೇಳಿ, ವೈದ್ಯರು ಮೊದಲೇ ಹಾಕಿಕೊಟ್ಟ ನಿಯಮದಂತೆ ಇನ್ಸುಲಿನ್ ಪ್ರಮಾಣ ಹೇಳುತ್ತಿತ್ತು. ಆ ಗುಂಪಿನ ಅರ್ಧದಷ್ಟು ಜನ 15 ದಿನಗಳಲ್ಲೇ ಸರಿಯಾದ ಪ್ರಮಾಣಕ್ಕೆ ಬಂದರು. ಉಳಿದ ಗುಂಪಿನಲ್ಲಿ ಅರ್ಧದಷ್ಟು ಜನ ಅಲ್ಲಿಗೆ ಬರಲು 56 ದಿನಗಳೂ ಸಾಲಲಿಲ್ಲ. ಪ್ರಯೋಗ ಚಿಕ್ಕದು, ನಿಜ. ಆದರೂ ಲೆಕ್ಕ ವೈದ್ಯರದು, ನೆನಪಿಸುವ ಕೆಲಸ ಯಂತ್ರದ್ದು ಎಂಬ ಆ ಹಂಚಿಕೆ ನನಗೆ ಒಪ್ಪಿಗೆಯಾಯಿತು. ತನ್ನ ಮನಸ್ಸಿಗೆ ಬಂದಂತೆ ಪ್ರಮಾಣ ಹೇಳುವ ಯಂತ್ರವನ್ನು ಅಮ್ಮನ ಹತ್ತಿರಕ್ಕೂ ಬಿಡಲಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಅಧ್ಯಯನದ ಅಂದಾಜಿನಂತೆ 2021ರಲ್ಲಿ ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದರು, ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಹೊಸ್ತಿಲಲ್ಲಿರುವವರಿಗೆ ಊಟವಾದ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ ಎಂದು ದಿನವೂ ಬೇಸರವಿಲ್ಲದೆ ಹೇಳುವವರು ಯಾರು? ಈ ಕೆಲಸಕ್ಕೆ ಧ್ವನಿ ಸಹಾಯಕಕ್ಕಿಂತ ತಾಳ್ಮೆಯವರು ಸಿಗಲಾರರು.

ಆದರೆ ಅದು ನಮ್ಮ ಊಟ ಕಲಿಯಬೇಕು. "ಒಂದು ಮುದ್ದೆ ತಿಂದೆ" ಎಂದರೆ ಎಷ್ಟು ದೊಡ್ಡ ಮುದ್ದೆ ಎಂದು ಕೇಳಬೇಕು. ರಾಗಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲವೆಂದು ನಂಬಿರುವವರು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಅದರಲ್ಲಿಯೂ ಪಿಷ್ಟವಿದೆ; ಎರಡು ಮುದ್ದೆಯ ಮೇಲೆ ಅನ್ನವೂ ಬಿದ್ದರೆ ಏರದೆ ಇದ್ದೀತೇ? ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಂಡಿರಾ, ಗಾಯವಿದೆಯೇ ಎಂದೂ ಕೇಳಬೇಕು. ನರಗಳು ಜಡವಾದ ಕಾಲಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ.

ಸದ್ಯಕ್ಕೆ ಅಲಾರಾಂ ಸದ್ದಿನ ಜಾಗದಲ್ಲಿ ನನ್ನ ಧ್ವನಿಯನ್ನೇ ಹಾಕಿಕೊಟ್ಟಿದ್ದೇನೆ: "ಅಮ್ಮಾ, ಊಟ ಆಯಿತೇ? ಇನ್ಸುಲಿನ್ ತೆಗೆದುಕೊಂಡೆಯಾ?" ಅದು ಕೂಗಿದಾಗಲೆಲ್ಲ ಅಮ್ಮ "ಆಯಿತು ಕಣೇ, ನಿನ್ನದಾಯಿತೇ?" ಎಂದು ಉತ್ತರ ಕೊಡುತ್ತಾಳಂತೆ. ಪಕ್ಕದ ಮನೆಯ ಹುಡುಗಿ ಹೇಳಿದಳು.