ಎದೆಯ ಮೇಲಿನ ಹುಲಿ

ಕರಾಟೆ ಲಾಂಛನಗಳ ಕುರಿತ ಲೇಖನವೊಂದನ್ನು ಓದಿದೆ; ಲಾಂಛನದ ಹುಲಿ ಎಂದರೆ ಉಗ್ರತೆ ಎಂದು ಅದರ ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಶೋಟೋಕಾನ್ ಎಂಬ ಕರಾಟೆ ಶೈಲಿಯ ಈ ಹುಲಿಯನ್ನು ಬಿಡಿಸಿದವರು ಆ ಶೈಲಿಯ ಸ್ಥಾಪಕ ಗಿಚಿನ್ ಫುನಾಕೋಶಿಯವರ ಸ್ನೇಹಿತ, ಚಿತ್ರಕಾರ ಹೋಆನ್ ಕೊಸುಗಿ. ಆ ಹುಲಿ ಯಾರ ಮೇಲೂ ಎರಗುತ್ತಿಲ್ಲ. ವೃತ್ತದೊಳಗೆ ಮೈ ಬಾಗಿಸಿ ಎಚ್ಚರದಿಂದ ಹೆಜ್ಜೆ ಹಾಕುತ್ತಿದೆ. ವೃತ್ತವೂ ಕುಂಚದ ಒಂದೇ ಎಳೆತದ್ದು, ಅಂಕುಡೊಂಕು.

ಹುಬ್ಬಳ್ಳಿಯಲ್ಲಿ ನನ್ನ ಮಗಳ ಸಮವಸ್ತ್ರಕ್ಕೆ ಹೊಲಿಸಿದ ಬ್ಯಾಡ್ಜಿನಲ್ಲಿ ಯಂತ್ರದ ಕಸೂತಿ ಆ ವೃತ್ತವನ್ನು ಬಳೆಯಂತೆ ದುಂಡಗಾಗಿಸಿದೆ, ಹುಲಿಗೆ ಕೆಂಪು ನಾಲಿಗೆಯನ್ನೂ ದಯಪಾಲಿಸಿದೆ! ಮೊಹರಂ ಹುಲಿವೇಷ ನೋಡಿ ಬೆಳೆದ ನಮ್ಮ ಭಾಗದವರಿಗೆ ಸುಮ್ಮನಿರುವ ಹುಲಿ ರುಚಿಸುವುದಿಲ್ಲವೇನೋ.

ಲೇಖನದಲ್ಲಿ ‘ಸೂರ್ಯನ ಚಿತ್ರ’ ಎಂದಿರುವ, ಕ್ಯೋಕುಶಿನ್ ಎಂಬ ಇನ್ನೊಂದು ಕರಾಟೆ ಶೈಲಿಯ ಲಾಂಛನದ ಮೂಲವೂ ಬೇರೆಯೇ. ಕಾಂಕು ಎಂಬ ಕಟಾದ (ನಿಗದಿತ ಚಲನೆಗಳ ಸರಣಿಯ) ಆರಂಭದಲ್ಲಿ ಎರಡೂ ಕೈ ಮೇಲೆತ್ತಿ, ಬೆರಳುಗಳ ನಡುವಿನ ಕಿಂಡಿಯಿಂದ ಆಕಾಶ ನೋಡುತ್ತಾರೆ. ಲಾಂಛನದ ಚೂಪು ತುದಿಗಳು ಆ ಬೆರಳುಗಳು, ದಪ್ಪ ಭಾಗಗಳು ಮಣಿಕಟ್ಟು, ನಡುವಿನ ವೃತ್ತ ಕೊನೆಯಿಲ್ಲದ ಆಳ. ಮಕ್ಕಳಿಗೆ ಕೈ ಎತ್ತಿಸಿ ತೋರಿಸಿದರೆ ಎರಡು ನಿಮಿಷದ ಪಾಠ.

ಬೆಲ್ಟ್ ಪರೀಕ್ಷೆಯಲ್ಲಿ ಒದೆತ, ತಡೆ ಎಲ್ಲವನ್ನೂ ಕೇಳುವ ಮಾಸ್ತರರು, ಎದೆಯ ಮೇಲೇನಿದೆ ಎಂಬುದನ್ನೂ ಒಮ್ಮೆ ಕೇಳಬಹುದಲ್ಲವೇ?