ಕಾಂಪೌಂಡಿಗೆ ಬಂದ ಕಳ್ಳನಿಗೆ ಗುಂಡು ಹಾರಿಸಬಹುದೇ? ಒಂದು ಸ್ಪಷ್ಟನೆ

"ಪರವಾನಗಿ ಇರುವ ಬಂದೂಕಿನಿಂದ ನಮ್ಮ ಕಾಂಪೌಂಡಿಗೆ ಕಾಲಿಟ್ಟ ಕಳ್ಳನನ್ನು ಕೊಂದರೂ ಕೇಸು ಆಗುವುದಿಲ್ಲ" ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ನಂಬಿ ನಡೆದವರನ್ನು ಕೊಲೆ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಬಲ್ಲ ತಪ್ಪು.

ಪರವಾನಗಿಯಿಂದ ಸಿಗುವುದು ಆಯುಧ ಇಟ್ಟುಕೊಳ್ಳುವ ಅನುಮತಿ. ಅದನ್ನು ಮನುಷ್ಯನ ಮೇಲೆ ಯಾವಾಗ ಬಳಸಬಹುದು ಎಂಬುದನ್ನು ನಿರ್ಧರಿಸುವುದು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು. ಬಂದೂಕು ಇದ್ದವರಿಗೂ ಇಲ್ಲದವರಿಗೂ ಅವು ಒಂದೇ. ಕೊಲೆ, ತೀವ್ರ ಗಾಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂತಹ ಆಕ್ರಮಣ ಎದುರಾದಾಗ, ರಕ್ಷಣೆಗೆ ಅಷ್ಟು ಅಗತ್ಯವಿದ್ದರೆ ದಾಳಿಕೋರನ ಪ್ರಾಣ ತೆಗೆಯುವವರೆಗೂ ರಕ್ಷಣೆಯ ಹಕ್ಕು ವಿಸ್ತರಿಸುತ್ತದೆ. ಆಸ್ತಿಯ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. ದರೋಡೆ, ರಾತ್ರಿ ಹೊತ್ತು ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿ ಹಚ್ಚುವುದು ಇಂಥವಕ್ಕೆ ಮಾತ್ರ ಆ ಮಟ್ಟದ ಹಕ್ಕಿದೆ. ಬರಿಯ ಕಳ್ಳತನ ಅಥವಾ ಅತಿಕ್ರಮ ಪ್ರವೇಶ ಸಾಲದು. ಅದರಿಂದ ಸಾವಿನ ಅಥವಾ ತೀವ್ರ ಗಾಯದ ಸಕಾರಣ ಭಯ ಹುಟ್ಟಿರಬೇಕು. ತೆಂಗಿನಕಾಯಿ ಕದಿಯಲು ಬಂದವನಿಗೆ ಗುಂಡು ಹಾರಿಸಿದರೆ ಈ ಸೆಕ್ಷನ್‌ಗಳು ಕಾಪಾಡುವುದಿಲ್ಲ. ಅಪಾಯ ಮುಗಿದು, ಬರಿಗೈಯಲ್ಲಿ ಓಡುತ್ತಿರುವವನ ಬೆನ್ನಿಗೆ ಹೊಡೆದರೂ ಅಷ್ಟೇ.

"ಮೊದಲು ಓಡಿ ತಪ್ಪಿಸಿಕೊಳ್ಳಲೇಬೇಕು" ಎಂಬ ಎದುರು ವಾದವೂ ಸರಿಯಲ್ಲ. ಪ್ರಾಣಾಪಾಯ ಕಣ್ಣೆದುರಿಗಿರುವಾಗ ಹೇಡಿಯಂತೆ ವರ್ತಿಸಬೇಕೆಂದು ಕಾನೂನು ಬಯಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದೆ. ಆದರೆ ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕು ಇರುವುದಿಲ್ಲ. ಆತ್ಮರಕ್ಷಣೆಗಾಗಿಯೇ ಗುಂಡು ಹಾರಿಸಿದೆ ಎಂದು ನ್ಯಾಯಾಲಯಕ್ಕೆ ತೋರಿಸಿಕೊಡುವ ಹೊಣೆ ಗುಂಡು ಹಾರಿಸಿದವರದೇ.