ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಕೋಳಿ

ಕೋಳಿಯ ಕಥೆಗೆ ಆಮೇಲೆ ಬರೋಣ. ಮೊದಲು ಟೀ ಶರ್ಟಿನ ವಿಷಯ ಮುಗಿಸಿಬಿಡೋಣ.

ಅಮೆರಿಕದ ಚರ್ಚೊಂದರಿಂದ ಹದಿನೈದು ಜನ ಉಗಾಂಡಾಕ್ಕೆ ಸೇವೆಗೆ ಹೊರಟರು ಅಂದುಕೊಳ್ಳಿ. ಮೊದಲು ಆಗುವ ಕೆಲಸ ಟೀ ಶರ್ಟು ಮಾಡಿಸುವುದು. ಎಲ್ಲರಿಗೂ ಒಂದೇ ಬಣ್ಣ. ಒಂದು ಮೈಲಿ ದೂರದಿಂದಲೇ ಕಣ್ಣಿಗೆ ಹೊಡೆಯುವಂಥದ್ದು. ಬೆನ್ನ ಮೇಲೆ ಬೈಬಲಿನ ಯೆಶಾಯನ ಮಾತು: 'ಇಗೋ, ನಾನಿದ್ದೇನೆ, ನನ್ನನ್ನು ಕಳುಹಿಸು.' ಪ್ರವಾದಿ ಇದನ್ನು ಹೇಳಿದ್ದು ದೇವರಿಗೆ. ಇವರು ಹೇಳುವುದು ಅತ್ತೆ, ಮಾವ, ಆಫೀಸಿನವರು, ಹಳೇ ಕ್ಲಾಸ್‌ಮೇಟು, ಹಲ್ಲಿನ ಡಾಕ್ಟರು, ಎಲ್ಲರಿಗೂ. ಪತ್ರದ ಕೊನೆಗೆ ದುಡ್ಡು ಹಾಕುವ ಲಿಂಕು ಇರುತ್ತದೆ. 'ಹಣ ಕೊಡಲು ಆಗದಿದ್ದರೆ ಪ್ರಾರ್ಥನೆ ಮಾಡಿ' ಅಂತಲೂ ಇರುತ್ತದೆ, ಆದರೆ ಲಿಂಕು ಅದಕ್ಕಿಂತ ದೊಡ್ಡ ಅಕ್ಷರದಲ್ಲಿರುತ್ತದೆ.

ಹತ್ತು ದಿನದ ಪ್ರಯಾಣ. ತಲೆಗೆ ಎರಡು ಮೂರು ಸಾವಿರ ಡಾಲರ್. ಹೋಗುವುದು ಯಾಕೆ? ತಿಂಗಳಿಗೆ ನಲವತ್ತು ಡಾಲರ್ ಆಸುಪಾಸು ಕಳಿಸಿ ಓದಿಸುತ್ತಿರುವ ಮಗುವನ್ನು ಒಮ್ಮೆ ಕಣ್ಣಾರೆ ನೋಡಿ ಬರಲು. ಐದು ವರ್ಷದಲ್ಲಿ ಮಗುವಿಗೆ ಹೋಗುವಷ್ಟು ದುಡ್ಡು ಹತ್ತೇ ದಿನದಲ್ಲಿ ವಿಮಾನ, ಹೋಟೆಲು, ವ್ಯಾನು ಅಂತ ಕರಗುತ್ತದೆ. ಮಗು ಹೇಗಿದೆ ಅಂತ ತಿಳಿಯಬೇಡವೇ? ಬೇಕು, ಬೇಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದುಡ್ಡು ಕಳಿಸುವವರ ಬಗ್ಗೆ ನನ್ನದೇನೂ ತಕರಾರಿಲ್ಲ. ಇಂಥ ದುಡ್ಡನ್ನು ಮಕ್ಕಳಿಗೆ ತಲುಪಿಸುವ ಅಮೆರಿಕದ ಕ್ರೈಸ್ತ ಸಂಸ್ಥೆಗಳಲ್ಲಿ ವರ್ಲ್ಡ್ ವಿಷನ್ 1950ರಲ್ಲಿ, ಕಂಪ್ಯಾಷನ್ 1952ರಲ್ಲಿ ಹುಟ್ಟಿದವು. ಎರಡೂ ಮಕ್ಕಳಿಗೆ ಸ್ಪಾನ್ಸರ್ ಹುಡುಕಲು ಶುರು ಮಾಡಿದ್ದು ಕೊರಿಯಾ ಯುದ್ಧದ ಅನಾಥರಿಗಾಗಿ. ಅಂದಿನಿಂದ ಎಷ್ಟೋ ಫ್ರಿಜ್ಜುಗಳ ಬಾಗಿಲ ಮೇಲೆ ಯಾವುದೋ ದೇಶದ ಮಗುವಿನ ಫೋಟೊ ಅಂಟಿಕೊಂಡಿದೆ. 2013ರಲ್ಲಿ ಬ್ರೂಸ್ ವೈಡಿಕ್ ಮತ್ತು ಇನ್ನಿಬ್ಬರು ಅರ್ಥಶಾಸ್ತ್ರಜ್ಞರು, ಉಗಾಂಡಾ ಸೇರಿ ಆರು ದೇಶಗಳಲ್ಲಿ ಕಂಪ್ಯಾಷನ್ ನೆರವಿನಿಂದ ಬೆಳೆದವರ ಲೆಕ್ಕ ತೆಗೆದು ಪ್ರಕಟಿಸಿದರು. ನೆರವು ಸಿಕ್ಕವರು ಬೇರೆ ಮಕ್ಕಳಿಗಿಂತ ಒಂದರಿಂದ ಒಂದೂವರೆ ವರ್ಷ ಜಾಸ್ತಿ ಓದಿದ್ದರು. ಅಂದರೆ ಫ್ರಿಜ್ಜಿನ ಪಕ್ಕ ನಿಂತು ಚೆಕ್ ಬರೆದರೆ ಸಾಕು, ಮಗು ಓದುತ್ತದೆ. ಆ ಚೆಕ್ಕು ಎಷ್ಟು ಶಿಸ್ತಿನದು ನೋಡಿ, ಸನ್‌ಸ್ಕ್ರೀನ್ ಕೂಡ ಹಚ್ಚಿಕೊಳ್ಳದೆ ಒಬ್ಬಂಟಿಯಾಗಿ ಹೋಗಿ ತಲುಪುತ್ತದೆ.

ಆದರೆ ಚೆಕ್ಕಿನ ಜೊತೆ ಫೋಟೊ ತೆಗೆಸಿಕೊಳ್ಳಲು ಆಗುವುದಿಲ್ಲ, ಅಲ್ವಾ?

ಹಾಗಾಗಿ ಬ್ಯಾಗು ತುಂಬುತ್ತಾರೆ. ಒಬ್ಬೊಬ್ಬರಿಗೂ ಎರಡು. ಒಂದರಲ್ಲಿ ತಮ್ಮ ಸಾಮಾನು: ಸೊಳ್ಳೆಗೆ ಹಚ್ಚುವ ಔಷಧಿ, ಹೊಟ್ಟೆ ಕೆಟ್ಟರೆ ಮಾತ್ರೆ, ಕೆಡದಿದ್ದರೂ ಮಾತ್ರೆ. ಇನ್ನೊಂದರಲ್ಲಿ ಕೊಡುವ ಸಾಮಾನು: ಸ್ಟಿಕರು, ಬಲೂನು, ಗುಳ್ಳೆ ಊದುವ ಸೋಪಿನ ನೀರು, ಗಾಳಿ ತೆಗೆದ ಫುಟ್‌ಬಾಲು, ಮನೆಮಂದಿ ಹಾಕಿ ಬಿಟ್ಟ ಬಟ್ಟೆ. ಉಗಾಂಡಾದ ರಾಜಧಾನಿ ಕಂಪಾಲಾದ ಓವಿನೊ ಮಾರ್ಕೆಟ್ಟಿಗೆ ಇವರನ್ನು ಯಾರೂ ಕರೆದುಕೊಂಡು ಹೋಗದಿದ್ದರೆ ಒಳ್ಳೆಯದು. ಅಲ್ಲಿ ಅಮೆರಿಕ, ಯುರೋಪಿನವರು ಬಿಟ್ಟ ಬಟ್ಟೆ ಬೆಟ್ಟದ ಹಾಗೆ ಬಿದ್ದಿರುತ್ತದೆ. ಅದಕ್ಕೆ 'ಮಿವುಂಬ' ಅಂತ ಹೆಸರೇ ಇದೆ. ಹೋದ ವರ್ಷ ಇವರೇ ದಾನದ ಡಬ್ಬಿಗೆ ಎಸೆದ ಅಂಗಿ ಇವರಿಗಿಂತ ಮುಂಚೆ ಬಂದು ಅಲ್ಲಿ ನೇತಾಡುತ್ತಿದ್ದರೂ ಆಶ್ಚರ್ಯವಿಲ್ಲ. ಅದು ಬರುವಾಗ ಯಾರ ಹತ್ತಿರವೂ ಚಂದಾ ಎತ್ತಿರಲಿಲ್ಲ.

ದೇವರನ್ನು ಕೊಂಡೊಯ್ಯುವ ವಿಷಯದಲ್ಲೂ ಕಥೆ ಇದೇ. ಇಂಗ್ಲೆಂಡಿನ ಮಿಷನರಿಗಳು ಉಗಾಂಡಾ ಮುಟ್ಟಿದ್ದು 1877ರಲ್ಲಿ. ಈಗ ಆ ದೇಶದಲ್ಲಿ ಹತ್ತರಲ್ಲಿ ಎಂಟು ಜನ ಕ್ರೈಸ್ತರು. 1880ರ ದಶಕದಲ್ಲಿ ನಂಬಿಕೆ ಬಿಡದೆ ಪ್ರಾಣ ಕೊಟ್ಟವರ ನೆನಪಿಗೆ ಪ್ರತಿ ಜೂನ್ 3ಕ್ಕೆ ಕಂಪಾಲಾ ಹತ್ತಿರದ ನಮುಗೊಂಗೊದಲ್ಲಿ ಜನಸಾಗರ ಸೇರುತ್ತದೆ. ಎಷ್ಟೋ ಮಂದಿ ದಿನಗಟ್ಟಲೆ ನಡೆದೇ ಬರುತ್ತಾರೆ. ಅಂಥವರ ಮಕ್ಕಳನ್ನು ಕೂರಿಸಿಕೊಂಡು, ಏಸಿ ವ್ಯಾನಿನಿಂದ ಇಳಿದವರು ಕೈಗೊಂಬೆ ಆಡಿಸುತ್ತಾ ಯೇಸುವಿನ ಪರಿಚಯ ಮಾಡಿಕೊಡುತ್ತಾರೆ. ಭಾನುವಾರದ ಆರಾಧನೆ ಮೂರನೇ ಗಂಟೆಗೆ ಕಾಲಿಟ್ಟಾಗ ಇಡೀ ಚರ್ಚು ಎದ್ದು ಕುಣಿಯುತ್ತಿರುತ್ತದೆ. ಒಂದೇ ಬಣ್ಣದ ಹದಿನೈದು ಟೀ ಶರ್ಟು ಮಾತ್ರ ಕುಳಿತು ವಾಚು ನೋಡಿಕೊಳ್ಳುತ್ತಿರುತ್ತದೆ.

ಸೇವೆ ಅಂದ ಮೇಲೆ ಏನಾದರೂ ಕೆಲಸ ಮಾಡಬೇಕಲ್ಲ. ಗೋಡೆಗೆ ಬಣ್ಣ ಹಚ್ಚುತ್ತಾರೆ. ಬಣ್ಣ ಹಚ್ಚಲು ಏನೂ ಬರಬೇಕಾಗಿಲ್ಲ, ಫೋಟೊ ಬೇರೆ ಚೆನ್ನಾಗಿ ಬರುತ್ತದೆ. ಮೆಕ್ಸಿಕೋದ ಒಂದು ಚರ್ಚಿಗೆ ಒಂದೇ ಬೇಸಿಗೆಯಲ್ಲಿ ಆರು ತಂಡಗಳು ಬಂದು ಆರು ಸಲ ಬಣ್ಣ ಬಳಿದು ಹೋದ ಕಥೆಯನ್ನು 2008ರಲ್ಲಿ ಅಮೆರಿಕದ ಪತ್ರಿಕೆಯೇ ಬರೆದಿತ್ತು. ಆ ಗೋಡೆಯನ್ನು ನೆನೆಸಿಕೊಂಡರೆ ಅಯ್ಯೋ ಅನಿಸುತ್ತದೆ. ಒಣಗಲು ಕೂಡ ಬಿಡಲಿಲ್ಲ.

ಇದು ಹದಿನೈದು ಜನರ ಹುಚ್ಚಾಗಿದ್ದರೆ ನಾನೂ ಸುಮ್ನೆ ಇರುತ್ತಿದ್ದೆ. ಅಮೆರಿಕದ ಚರ್ಚುಗಳಿಂದ ವರ್ಷಕ್ಕೆ ಸುಮಾರು 16 ಲಕ್ಷ ಜನ ಹೀಗೆ ಹೊರದೇಶಕ್ಕೆ ಹೋಗಿ ಬರುತ್ತಾರೆ ಅಂತ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಒಮ್ಮೆ ಅಂದಾಜು ಮಾಡಿದ್ದರು. ಖರ್ಚಿನ ಲೆಕ್ಕ ಬೇಕಾದವರು ಹೊಂಡುರಾಸ್ ನೋಡಬೇಕು. 1998ರಲ್ಲಿ ಮಿಚ್ ಚಂಡಮಾರುತ ಆ ದೇಶವನ್ನು ಗುಡಿಸಿ ಹಾಕಿತು. ಉತ್ತರ ಅಮೆರಿಕದಿಂದ ತಂಡತಂಡವಾಗಿ ಬಂದು ಮನೆ ಕಟ್ಟಿಕೊಟ್ಟರು. ಕ್ರೈಸ್ತ ಕಾಲೇಜೊಂದರ ಮೇಷ್ಟ್ರೇ ಆದ ಕರ್ಟ್ ವರ್ ಬೀಕ್ ಆಮೇಲೆ ಕೂತು ಲೆಕ್ಕ ತೆಗೆದರು. ಅಲ್ಲಿಯವರೇ ಕಟ್ಟಿದರೆ ಒಂದು ಮನೆಗೆ ಸುಮಾರು 2,000 ಡಾಲರ್. ಒಂದು ತಂಡ ಬಂದು ಒಂದು ಮನೆ ಕಟ್ಟಿ ಹೋಗಲು, ವಿಮಾನದ ಟಿಕೆಟ್ಟೂ ಸೇರಿ, ಸರಾಸರಿ 30,000. ಹದಿನೈದು ಮನೆಯ ದುಡ್ಡಿನಲ್ಲಿ ಒಂದು ಮನೆ! ಜನ ಬರುವುದಕ್ಕಿಂತ ಆ ದುಡ್ಡು ಬಂದಿದ್ದರೆ ಇನ್ನಷ್ಟು ಮನೆ ಏಳುತ್ತಿತ್ತು ಅಂತ ಮನೆ ಸಿಕ್ಕವರೇ ಹೇಳಿದರು. ಮರ್ಯಾದೆಯಿಂದಲೇ ಹೇಳಿದರು ಅನ್ನಿ.

ಇರಲಿ, ನಮ್ಮವರು ಹೊರಟಿರುವುದು ಮನೆ ಕಟ್ಟಲು ಅಲ್ಲ, ಮಗು ನೋಡಲು. ಇಂಥ ಭೇಟಿಯ ವಿಡಿಯೊಗಳನ್ನು ನಾನು ರಾಶಿ ನೋಡಿದ್ದೇನೆ. ಎಲ್ಲವನ್ನೂ ಸೇರಿಸಿ ಒಂದೇ ಹೊಲಿಗೆ ಹಾಕಿದರೆ ಹೀಗಾಗುತ್ತದೆ.

ಒಬ್ಬ ಸ್ಪಾನ್ಸರ್ ಅಮ್ಮ. ಅವರ ಹುಡುಗನಿಗೆ ಹತ್ತು ವರ್ಷ. ಬೆಳಗಿನ ಜಾವವೇ ಎಬ್ಬಿಸಿ, ಮೀಯಿಸಿ, ಹೊಸ ಅಂಗಿ ಹಾಕಿ, ಬಸ್ಸು ಹತ್ತಿಸಿ ಕರೆತಂದಿದ್ದಾರೆ. ಸಾಲಾಗಿ ಕುರ್ಚಿ. ಒಂದು ಕಡೆ ನೋಡಲು ಬಂದವರು, ಇನ್ನೊಂದು ಕಡೆ ನೋಡಿಸಿಕೊಳ್ಳುವವರು. ಏನು ಓದುತ್ತೀ, ಯಾವ ಸಬ್ಜೆಕ್ಟು ಇಷ್ಟ, ಹಾಡು ಬರುತ್ತಾ? ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೇಳುವ ಪ್ರಶ್ನೆಗಳು ಇದಕ್ಕಿಂತ ಬೇರೆ ಏನಲ್ಲ. ಅಲ್ಲಿ ಬೇಡ ಅನ್ನುವ ಹಕ್ಕು ಹುಡುಗಿಗೆ ಹೆಸರಿಗಾದರೂ ಇರುತ್ತದೆ. ಈ ಕೊರತೆಯೂ ಉಳಿಯಬಾರದು ಅಂತ 2019ರಲ್ಲಿ ವರ್ಲ್ಡ್ ವಿಷನ್ ಹೊಸ ಪದ್ಧತಿ ತಂದಿತು. ಸ್ಪಾನ್ಸರುಗಳ ಫೋಟೊ ಇಟ್ಟು, ಯಾರು ಬೇಕು ಅಂತ ಮಕ್ಕಳೇ ಆರಿಸಬಹುದು. ಯಾರೂ ಬೇಡ, ದುಡ್ಡು ಸಾಕು ಅನ್ನುವ ಫೋಟೊ ಮಾತ್ರ ಅದರಲ್ಲಿಲ್ಲ.

ಹುಡುಗ ಪಾಠ ಚೆನ್ನಾಗಿ ಒಪ್ಪಿಸುತ್ತಾನೆ. ಐದು ವರ್ಷದಿಂದ ಪತ್ರ ಬರೆದು ರೂಢಿ. ಈ ಅಮ್ಮನ ಪತ್ರದಲ್ಲಿ ಹಿಮ ಇರುತ್ತಿತ್ತು, ಹಾಲಿಡೇ ಇರುತ್ತಿತ್ತು, ಎಲ್ಲಕ್ಕಿಂತ ಜಾಸ್ತಿ ನಾಯಿ ಇರುತ್ತಿತ್ತು. ನಾಯಿಗೆ ಸೊಂಟದ ಆಪರೇಷನ್ ಆಗಿತ್ತು. ಹುಡುಗ ಆರು ತಿಂಗಳು ಅದಕ್ಕಾಗಿ ಪ್ರಾರ್ಥನೆ ಮಾಡಿದ್ದಾನೆ, ಪತ್ರದಲ್ಲಿ ಹಾಗಂತ ಬರೆದೂ ಇದ್ದಾನೆ. ಈಗ ಎದುರಿಗೆ ಕೂತು ಅವನು ಕೇಳುವ ಮೊದಲ ಪ್ರಶ್ನೆ: 'ನಿಮ್ಮ ನಾಯಿ ನಡೆಯುತ್ತಾ?'

ಅಮ್ಮ ಅಳಲು ಶುರು ಮಾಡುತ್ತಾರೆ. ಅತ್ತುಕೊಂಡೇ ಐದು ನಿಮಿಷ ಮಾತಾಡುತ್ತಾರೆ. ದೇವರ ಯೋಜನೆ, ತನ್ನ ಹೃದಯ, ಅದು ಒಡೆದದ್ದು, ಮತ್ತೆ ತುಂಬಿದ್ದು. ಪಕ್ಕದ ದುಭಾಷಿ ತಾಳ್ಮೆಯಿಂದ ಎಲ್ಲ ಕೇಳಿ, ಹುಡುಗನ ಕಡೆ ತಿರುಗಿ ಅಲ್ಲಿಯ ಲುಗಾಂಡಾ ಭಾಷೆಯಲ್ಲಿ ಎರಡೇ ಮಾತು ಹೇಳುತ್ತಾನೆ. ಹುಡುಗನ ಮುಖ ಅರಳುತ್ತದೆ. ನಾಯಿ ನಡೆಯುತ್ತಂತೆ.

ಆಮೇಲೆ ಫೋಟೊ. ಹುಡುಗ ಇವರನ್ನು ಪತ್ರದಲ್ಲಿ 'ಅಮ್ಮ' ಅಂತ ಕರೆಯುತ್ತಾನೆ. ಹೆತ್ತವಳು ಫೋಟೊ ಕೆಡದ ಹಾಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತಾಳೆ. ಯಾರೂ ಹೇಳಬೇಕಾಗಿಲ್ಲ, ಅವಳಿಗೇ ಗೊತ್ತು. ರಾತ್ರಿ ಹೋಟೆಲಿನ ವೈಫೈನಲ್ಲಿ ಫೋಟೊ ಏರುತ್ತದೆ: 'ಏನೂ ಇಲ್ಲದಿದ್ದರೂ ಎಷ್ಟು ಸಂತೋಷವಾಗಿದ್ದಾರೆ!' ಯಾಕಿರಬಾರದು? ಅವತ್ತು ಸ್ಕೂಲು ಇರಲಿಲ್ಲ, ಸೋಡ ಸಿಕ್ಕಿತ್ತು, ಹೊಸ ಫುಟ್‌ಬಾಲು ಸಿಕ್ಕಿತ್ತು. ಇಷ್ಟಾದರೆ ಖುಷಿಪಡದ ಹತ್ತು ವರ್ಷದ ಹುಡುಗ ಯಾವ ದೇಶದಲ್ಲಿದ್ದಾನೆ?

ಪೂರ್ವ ಆಫ್ರಿಕಾದಲ್ಲಿ ಬಿಳಿಯರಿಗೆ 'ಮುಜುಂಗು' ಅನ್ನುತ್ತಾರೆ. ಸುತ್ತುತ್ತಲೇ ಇರುವವನು ಎಂಬ ಅರ್ಥದ ಮಾತಿನಿಂದ ಹುಟ್ಟಿದ ಪದವಂತೆ. ಮಕ್ಕಳು ವ್ಯಾನಿನ ಹಿಂದೆ 'ಮುಜುಂಗು, ಮುಜುಂಗು' ಅಂತ ಕೂಗಿಕೊಂಡು ಓಡುವಾಗ ಒಳಗಿದ್ದವರು ಕೈ ಬೀಸುತ್ತಾರೆ. ಜೈಕಾರ ಅಂದುಕೊಂಡಿರುತ್ತಾರೆ, ಪಾಪ.

ಈಗ ಕೋಳಿ.

ಕೊನೆಯ ದಿನ ಹುಡುಗನ ಮನೆಗೆ ಭೇಟಿ. ಇದ್ದ ಎರಡು ಕುರ್ಚಿ ಜೊತೆಗೆ ಪಕ್ಕದ ಮನೆಯ ಎರಡು ಕುರ್ಚಿ ಬಂದಿದೆ. ಅಕ್ಕ ಮೊಣಕಾಲೂರಿ ನಮಸ್ಕಾರ ಹೇಳಿದ್ದಾಳೆ. ಸೋಡದ ಬಾಟಲಿ ಅಂಗಡಿಯಿಂದ ತರಿಸಿದ್ದಾರೆ, ಮನೆಯವರು ಯಾರೂ ಕುಡಿಯುವುದಿಲ್ಲ. ಹೊರಡುವ ಹೊತ್ತಿಗೆ ಆ ಹೆತ್ತವಳು ಹಿತ್ತಲಿಗೆ ಹೋಗಿ, ಕಾಲು ಕಟ್ಟಿದ ಕೆಂಪು ಹೇಂಟೆಯನ್ನು ತಂದು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾಳೆ. ಅಲ್ಲಿ ಮನೆಗೆ ಬಂದ ಅತಿಥಿಯನ್ನು ಬರಿಗೈಲಿ ಕಳಿಸುವ ರೂಢಿಯಿಲ್ಲ. ಮೊಟ್ಟೆ ಇಡುವ ಕೋಳಿ ಅದು.

ಅಮ್ಮ ಅದನ್ನು ಬಲಗೈಯಲ್ಲಿ, ಮೈಯಿಂದ ಒಂದು ಮಾರು ದೂರಕ್ಕೆ, ಸಿಡಿಯುವ ಪಟಾಕಿಯ ಹಾಗೆ ಹಿಡಿದುಕೊಳ್ಳುತ್ತಾರೆ. ಎಡಗೈಯಲ್ಲಿ ಫೋನು. ದಾನ ಕೊಡುವಾಗ ಬಲಗೈ ಮಾಡುವುದು ಎಡಗೈಗೆ ತಿಳಿಯದಿರಲಿ ಅಂದ ಮತ್ತಾಯನ ಸುವಾರ್ತೆಯ ಕಾಲದಲ್ಲಿ ಫ್ರಂಟ್ ಕ್ಯಾಮೆರಾ ಇರಲಿಲ್ಲ. ನಾಲ್ಕು ಸಲ ಕ್ಲಿಕ್ ಆದರೂ ಕೋಳಿ ಸರಿಯಾಗಿ ನೋಡುವುದಿಲ್ಲ. ಇಡೀ ಪ್ರವಾಸದಲ್ಲಿ ಹೇಳಿದ ಹಾಗೆ ನಗದೆ ಇದ್ದದ್ದು ಅದೊಂದೇ.

ವ್ಯಾನು ಎಂಟೆಬೆ ವಿಮಾನ ನಿಲ್ದಾಣದ ದಾರಿ ಹಿಡಿದ ಮೇಲೆ ಅಮ್ಮನಿಗೆ ಚಿಂತೆ.

'ಇದನ್ನು ವಿಮಾನದಲ್ಲಿ ಬಿಡುತ್ತಾರಾ?'

'ಇಲ್ಲ ಮೇಡಂ' ಅಂತಾನೆ ಡ್ರೈವರ್. 'ನನಗೆ ಕೊಡಿ. ಚೆನ್ನಾಗಿ ನೋಡಿಕೊಳ್ಳುತ್ತೇನೆ.'

ಅಮ್ಮನ ಕಣ್ಣು ಮತ್ತೆ ತುಂಬುತ್ತದೆ. ಕೋಳಿಗೆ ಒಂದು ಹೆಸರಿಡುತ್ತಾರೆ. ಮೇವಿಗೆ ಅಂತ ಇಪ್ಪತ್ತು ಡಾಲರ್ ಕೊಡುತ್ತಾರೆ. ತಿಂಗಳಿಗೊಮ್ಮೆ ಅದರ ಫೋಟೊ ಕಳಿಸುತ್ತೀರಾ ಅಂತ ಕೇಳುತ್ತಾರೆ.

ಡ್ರೈವರ್ ಕೂಡಲೇ ಒಪ್ಪುತ್ತಾನೆ. ಆ ಬೇಸಿಗೆಯಲ್ಲಿ ಅವನ ಸೀಟಿನ ಕೆಳಗೆ ಬಂದು ಕೂತ ಆರನೇ ಕೋಳಿ ಅದು. ಹಿಂದಿನ ಐದರ ಫೋಟೊ ಅವನ ಫೋನಿನಲ್ಲಿ ಹಾಗೇ ಇದೆ.